ಡ್ರಾಯಿಂಗ್‌ನಲ್ಲಿ ಇಲ್ಲದ ಮರ

ಕಳೆದ ಸೆಮಿಸ್ಟರ್ ಸರ್ವೇ ಪ್ರಾಕ್ಟಿಕಲ್‌ನಲ್ಲಿ ನಮ್ಮ ಬ್ಯಾಚ್‌ಗೆ ಸಿಕ್ಕಿದ್ದು ಹಿಂದಿನ ಗೇಟಿನಿಂದ ಹಾಸ್ಟೆಲ್ ಕಡೆಗೆ ಹೋಗುವ ರಸ್ತೆ. ಸುಮಾರು 300 ಮೀಟರ್. ಐದು ಜನ, ಒಂದು ಟೋಟಲ್ ಸ್ಟೇಷನ್, ಒಂದು ಪ್ರಿಸಂ, ನೆತ್ತಿ ಮೇಲೆ ಬಿಸಿಲು. ಕರೆಂಟ್ ಕಂಬ, ಮ್ಯಾನ್‌ಹೋಲ್, ಚರಂಡಿ ಅಂಚು, ಕಾಂಪೌಂಡ್ ಗೋಡೆ, ಟ್ರಾನ್ಸ್‌ಫಾರ್ಮರ್, ಹೀಗೆ ಒಂದೊಂದರ ಹತ್ತಿರವೂ ಪ್ರಿಸಂ ಹಿಡಿದು ನಿಂತು ರೀಡಿಂಗ್ ತಗೊಂಡ್ವಿ. ನಡುವೆ ಒಂದು ದಪ್ಪ ಮರ ಅಡ್ಡ ಬಂತು. ಪ್ರಿಸಂ ಕಾಣಿಸ್ತಿಲ್ಲ. ಮತ್ತೆ ಇನ್ಸ್ಟ್ರುಮೆಂಟ್ ಎತ್ತಿ, ಆ ಕಡೆ ಇಟ್ಟು, ಲೆವೆಲ್ ಮಾಡಿ, ಮೊದಲಿಂದ ಶುರು ಮಾಡಬೇಕಾಯ್ತು. ಆಗ ನಾನೇ ಹೇಳಿದ ಮಾತು ನೆನಪಿದೆ: "ಥೂ, ಈ ಮರ ಒಂದು ಇಲ್ದಿದ್ರೆ ಇಷ್ಟೊತ್ತಿಗೆ ಮುಗಿಸಿ ಕ್ಯಾಂಟೀನಲ್ಲಿ ಇರ್ತಿದ್ವಿ."

ಶೀಟ್ ಚೆನ್ನಾಗಿ ಬಂತು. ಮಾರ್ಕ್ಸೂ ಬಂತು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಸರ್ ಕರೆದು, "ಈ ರಸ್ತೆ ಅಗಲ ಮಾಡೋ ಯೋಚನೆ ಇದೆ, ಬಸ್ ಒಳಗೆ ತಿರುಗೋಕೆ ಆಗ್ತಿಲ್ಲ. ನಿಮ್ಮ ಶೀಟ್ ನೀಟಾಗಿದೆ, ರೆಫರೆನ್ಸಿಗೆ ಕೊಡ್ತೀನಿ" ಅಂದ್ರು. ಖುಷಿ ಆಯ್ತು. ರಾತ್ರಿ ರೂಮಲ್ಲಿ ಆಟೋಕ್ಯಾಡ್ ಫೈಲ್ ತೆಗೆದು ನೋಡ್ತಿದ್ದಾಗ ರೂಮ್‌ಮೇಟ್ ಕೇಳಿದ: "ಲೋ, ಆ ರೋಡಲ್ಲಿ ಮರಗಳೇ ಇಲ್ವೇನೋ?"

ಇಲ್ಲ. ಒಂದೂ ಇಲ್ಲ. ಕೊನೆಗೆ ಅಡ್ಡ ಬಂದು ನಮ್ಮ ಅರ್ಧ ಗಂಟೆ ತಿಂದಿದ್ದ ಆ ದಪ್ಪ ಮರವೂ ಇಲ್ಲ. ಅಲ್ಲಾಡಿಸಿದರೆ ಕಿತ್ತು ಬರುವ ನೋ ಪಾರ್ಕಿಂಗ್ ಬೋರ್ಡನ್ನೂ ಎರಡು ದಶಾಂಶದವರೆಗೆ ಅಳೆದು ಹಾಕಿದ್ದೇವೆ. ಅದಕ್ಕಿಂತ ದೊಡ್ಡದಾಗಿರೋ, ಅದಕ್ಕಿಂತ ಹಳೆಯದಾಗಿರೋ ಮರಗಳನ್ನು ಯಾರೂ ಬೇಡ ಅಂದಿರಲಿಲ್ಲ. ನಮಗೇ ಹೊಳೀಲಿಲ್ಲ.

ಈ ಲೇಖನ ಬರೆಯೋಕೆ ಕಾರಣ ಆ ಶೀಟು. ನಗರದಲ್ಲಿ ಮರ ಕಡಿಯೋ ಗಲಾಟೆ ಆದಾಗಲೆಲ್ಲ ನಾವು ಎರಡು ಪಾರ್ಟಿ ಕಟ್ಟಿಕೊಳ್ತೀವಿ. ಒಂದು "ಅಭಿವೃದ್ಧಿ ಬೇಡ್ವಾ" ಪಾರ್ಟಿ, ಇನ್ನೊಂದು "ಮರ ಉಳಿಸಿ" ಪಾರ್ಟಿ. ನನಗೆ ಅನ್ನಿಸೋದು ಏನಂದ್ರೆ, ಜಗಳ ಶುರುವಾಗೋದೇ ತಪ್ಪು ಹೊತ್ತಿನಲ್ಲಿ. ಮರದ ಪ್ರಶ್ನೆ ಬರೋ ಹೊತ್ತಿಗೆ ಡ್ರಾಯಿಂಗ್ ಆಗಿರುತ್ತೆ, ಎಸ್ಟಿಮೇಟ್ ಆಗಿರುತ್ತೆ, ಟೆಂಡರ್ ಆಗಿರುತ್ತೆ. ಆಮೇಲೆ ಬಂದು ಮರ ಬೇಕಾ ಬೇಡ್ವಾ ಅಂತ ಕೇಳಿದ್ರೆ, ಮದುವೆ ಊಟ ಬಡಿಸುವಾಗ ಹುಡುಗಿ ಒಪ್ಪಿದ್ದಾಳಾ ಅಂತ ಕೇಳಿದ ಹಾಗೆ.

ನಮ್ಮ ಮೈಸೂರಿನದ್ದೇ ಉದಾಹರಣೆ ತಗೊಳ್ಳಿ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ, ಕಾಳಿಕಾಂಬ ದೇವಸ್ಥಾನದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಅಗಲೀಕರಣಕ್ಕೆ 40 ಮರ ಕಡಿದರು. ನಾನಾಗ ಫಸ್ಟ್ ಇಯರ್. ಜನರಿಗೆ ವಿಷಯ ಗೊತ್ತಾಗುವಷ್ಟರಲ್ಲಿ ಮರಗಳು ದಿಮ್ಮಿಗಳಾಗಿದ್ದವು. ಆಮೇಲೆ ಪ್ರತಿಭಟನೆ ಆಯ್ತು, ಜನ ಸೇರಿ ಕಡಿದ ಮರಗಳಿಗೆ ಶ್ರದ್ಧಾಂಜಲಿ ಸಲ್ಲಿಸಿದರು, ಪೇಪರಿನಲ್ಲಿ ದಿನಾ ಸುದ್ದಿ ಬಂತು. ಆದ್ರೆ ಯಾವ ಪ್ರತಿಭಟನೆಯೂ ದಿಮ್ಮಿಯನ್ನು ಮತ್ತೆ ಮರ ಮಾಡೋಕೆ ಆಗಲ್ಲ. ಒಂದು ವಾರ ಬಿಟ್ಟು ಆ ಕಡೆ ಬಸ್ಸಲ್ಲಿ ಹೋದಾಗ ಎಲ್ಲಿದ್ದೀನಿ ಅಂತಲೇ ಗೊತ್ತಾಗಲಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದಕ್ಕೆ ಖುಷಿಪಟ್ಟಿದ್ದವನು, ಬಿಸಿಲಿಗೆ ಎದ್ದು ಆ ಕಡೆ ಹೋಗಿ ನಿಂತೆ.

ಕಾನೂನು ಇಲ್ವಾ ಅಂದ್ರೆ, ಇದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976. ನಮ್ಮ ಅಪ್ಪ ಅಮ್ಮನಷ್ಟು ವಯಸ್ಸಿನ ಕಾನೂನು. ಇದರ ಪ್ರಕಾರ ನಗರದಲ್ಲಿ ನಿಮ್ಮದೇ ಮನೆ ಕಾಂಪೌಂಡಿನ ಮರ ಕಡಿಯಬೇಕಾದ್ರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್ ಥರದ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ವೃಕ್ಷಾಧಿಕಾರಿ ಅಂದ್ರೆ ಅರಣ್ಯ ಇಲಾಖೆಯ ಅಧಿಕಾರಿ. ಅಂದ್ರೆ ರಸ್ತೆ ಮಾಡೋದು ಒಬ್ಬರು, ಮರಕ್ಕೆ ಅನುಮತಿ ಕೊಡೋದು ಇನ್ನೊಬ್ಬರು. ಓದೋಕೆ ಚೆನ್ನಾಗಿದೆ.

ಆದ್ರೆ ಒಂದು ಕಡೆ ಸಂಖ್ಯೆ ಬರುತ್ತೆ. ಸಾರ್ವಜನಿಕ ಕಾಮಗಾರಿಗೆ ಕಡಿಯೋ ಮರಗಳು 50ಕ್ಕಿಂತ ಹೆಚ್ಚಾದ್ರೆ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಹೈದರಾಲಿ ರಸ್ತೆಯಲ್ಲಿ ಇದ್ದಿದ್ದು 40. ನಲವತ್ತು, ಐವತ್ತಕ್ಕಿಂತ ಕಡಿಮೆ. ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಈ 50 ಅನ್ನೋ ಗೆರೆಯನ್ನು ಸ್ವಲ್ಪ ಯೋಚನೆ ಮಾಡಿ ನೋಡಿ. ಒಂದು ರಸ್ತೆಯಲ್ಲಿ 90 ಮರ ಇವೆ ಅಂದ್ಕೊಳ್ಳಿ. ಕೆಲಸವನ್ನು 45, 45 ಅಂತ ಎರಡು ಪ್ಯಾಕೇಜ್ ಮಾಡಿದ್ರೆ ಯಾರನ್ನೂ ಕೇಳಬೇಕಾಗಿಲ್ಲ. ಹೀಗೆ ಮಾಡ್ತಾರೆ ಅಂತ ನಾನು ಹೇಳ್ತಿಲ್ಲ. ಮಾಡೋಕೆ ಜಾಗ ಇದೆ ಅಂತ ಹೇಳ್ತಿದ್ದೀನಿ. ಅಲ್ಲದೆ ಒಂದು ಬೀದಿಯ ಜನಕ್ಕೆ 50 ಅನ್ನೋದು ದೊಡ್ಡ ಸಂಖ್ಯೆ. ಬಹಳ ಬೀದಿಗಳಲ್ಲಿ ಒಟ್ಟು ಮರಗಳೇ ಅಷ್ಟಿಲ್ಲ. ಅಂಥ ಬೀದಿಯಲ್ಲಿ ಇದ್ದಬದ್ದ ಎಲ್ಲ ಮರ ಹೋದರೂ ಕಾನೂನಿನ ಕಣ್ಣಿಗೆ ಅದು ಸಣ್ಣ ವಿಷಯ.

ಅದೇ ಕಾಯ್ದೆ ನಗರದ ಮರಗಳ ಗಣತಿ ಮಾಡಿ ಅಂತಲೂ ಹೇಳುತ್ತೆ. ಕಾಯ್ದೆ ಬಂದು 43 ವರ್ಷ ಆದ್ಮೇಲೆ, 2019ರಲ್ಲಿ, ಬೆಂಗಳೂರಿನ ಮರಗಣತಿ ಮಾಡಿ ಅಂತ ಹೈಕೋರ್ಟ್ ಹೇಳಬೇಕಾಯ್ತು. ಎಣಿಸಿಯೇ ಇಲ್ಲದ ವಸ್ತುವಿಗೆ ಯಾರು ಲೆಕ್ಕ ಕೊಡ್ತಾರೆ?

ಈಗ ಎಸ್ಟಿಮೇಟಿಗೆ ಬರೋಣ. ಸಿವಿಲ್‌ನವರಿಗೆ ಇದು ಗೊತ್ತು, ಬೇರೆ ಬ್ರ್ಯಾಂಚಿನವರಿಗೆ ಹೇಳ್ತೀನಿ. ರಸ್ತೆ ಕಾಮಗಾರಿಯ ಎಸ್ಟಿಮೇಟಿನಲ್ಲಿ ಕರೆಂಟ್ ಕಂಬ ಸ್ಥಳಾಂತರ ಮಾಡೋಕೆ, ನೀರಿನ ಪೈಪ್ ಬದಲಾಯಿಸೋಕೆ ದುಡ್ಡು ಹಾಕ್ತಾರೆ. ಆ ದುಡ್ಡು ಜಾಸ್ತಿ ಬಂದ್ರೆ, "ಟ್ರಾನ್ಸ್‌ಫಾರ್ಮರ್ ಅಲ್ಲೇ ಇರಲಿ, ರಸ್ತೆ ಒಂದು ಮೀಟರ್ ಈ ಕಡೆ ತಗೊಳ್ಳಿ" ಅಂತಾರೆ. ಟ್ರಾನ್ಸ್‌ಫಾರ್ಮರ್‌ಗೆ ಬೆಲೆ ಇರೋದ್ರಿಂದ ಅದಕ್ಕೆ ಮರ್ಯಾದೆ. ಮರವೂ ಎಸ್ಟಿಮೇಟಿನಲ್ಲಿ ಇರುತ್ತೆ, ಆದ್ರೆ ಹೇಗೆ? ಕಡಿದು, ಬುಡ ಕಿತ್ತು, ಸಾಗಿಸೋ ಖರ್ಚು ಅಂತ. ಕಾಂಡದ ಸುತ್ತಳತೆ ಇಷ್ಟಿದ್ರೆ ಇಷ್ಟು ರೂಪಾಯಿ. ಅಂದ್ರೆ ಲೆಕ್ಕದಲ್ಲಿ ಮರಕ್ಕೆ ಬೆಲೆ ಬರೋದು ಸತ್ತ ಮೇಲೆ. ನಿಂತಿರೋ ಮರದ ಬೆಲೆ ಸೊನ್ನೆ. ಬೆಲೆ ಸೊನ್ನೆ ಇರೋದನ್ನು ಉಳಿಸೋಕೆ ಅಲೈನ್‌ಮೆಂಟ್ ಬದಲಾಯಿಸಿ ಅಂದ್ರೆ ಯಾವ ಎಂಜಿನಿಯರ್ ಕೇಳ್ತಾನೆ?

ನಿಂತ ಮರಕ್ಕೆ ಬೆಲೆ ಕಟ್ಟೋ ಪ್ರಯತ್ನ ಆಗಿಲ್ಲ ಅಂತೇನಿಲ್ಲ. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗೆ ಮರ ಕಡಿಯೋ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೋರ್ಟ್ ನೇಮಿಸಿದ ತಜ್ಞರ ಸಮಿತಿ ಒಂದು ಲೆಕ್ಕ ಕೊಟ್ಟಿತು: ಮರದ ವಯಸ್ಸನ್ನು 74,500 ರೂಪಾಯಿಂದ ಗುಣಿಸಿ. ಆಮ್ಲಜನಕ, ಗೊಬ್ಬರ ಎಲ್ಲ ಸೇರಿಸಿ ಮಾಡಿದ ಲೆಕ್ಕ. ಆ ಲೆಕ್ಕದಲ್ಲಿ 40 ವರ್ಷದ ಒಂದು ಮರಕ್ಕೆ 29 ಲಕ್ಷದ 80 ಸಾವಿರ. ಅಂಥ 40 ಮರಕ್ಕೆ ಹನ್ನೆರಡು ಕೋಟಿಗೆ ಹತ್ತಿರ. ಈ ಸಂಖ್ಯೆ ಸರೀನಾ ತಪ್ಪಾ ಅಂತ ಜಗಳ ಆಡಬಹುದು. ಬಂಗಾಳದ ಆ ಮರಗಳನ್ನು ಕಡಿಯೋಕೆ 2023ರಲ್ಲಿ ಅದೇ ಕೋರ್ಟ್ ಅನುಮತಿಯನ್ನೂ ಕೊಟ್ಟಿತು. ಆದ್ರೂ ಹೇಳ್ತೀನಿ, ಇದರ ಕಾಲು ಭಾಗ ಎಸ್ಟಿಮೇಟಿನಲ್ಲಿ ಬಂದಿದ್ರೂ ಸಾಕು, ಡಿಸೈನ್ ಮಾಡೋರು ಎರಡನೇ ಸಲ ಸೈಟಿಗೆ ಹೋಗಿ ನೋಡ್ತಿದ್ರು.

"ಒಂದು ಕಡಿದ್ರೆ ಹತ್ತು ನೆಡ್ತೀವಿ" ಅನ್ನೋ ಮಾತು ಎಲ್ಲರೂ ಕೇಳಿದ್ದೀವಿ. ಇದನ್ನೂ ಒಂಚೂರು ಲೆಕ್ಕ ಮಾಡೋಣ. ದೊಡ್ಡ ಮರದ ಕಾಂಡದ ವ್ಯಾಸ 60 ಸೆಂಟಿಮೀಟರ್ ಅಂತಿಟ್ಕೊಳ್ಳಿ. ನರ್ಸರಿಯಿಂದ ತಂದ ಒಳ್ಳೆ ಸಸಿಯದ್ದು 3 ಸೆಂಟಿಮೀಟರ್. ಅಡ್ಡ ಸೀಳಿದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಹೋಗುತ್ತೆ. 60ನ್ನು 3ರಿಂದ ಭಾಗಿಸಿದ್ರೆ 20, ಅದರ ವರ್ಗ 400. ಅಂದ್ರೆ ಕಾಂಡದ ಲೆಕ್ಕ ಒಂದನ್ನೇ ಹಿಡಿದ್ರೂ ಒಂದು ಮರಕ್ಕೆ 400 ಸಸಿ ಬೇಕು. ಹತ್ತು ಸಸಿ ಕೊಟ್ರೆ ನಲವತ್ತರಲ್ಲಿ ಒಂದು ಭಾಗ ವಾಪಸ್ ಕೊಟ್ಟ ಹಾಗೆ. ಅದೂ ಹತ್ತೂ ಬದುಕಿದ್ರೆ, ಅದೂ ಅದೇ ರಸ್ತೆಯಲ್ಲಿ ನೆಟ್ರೆ. ರಿಂಗ್ ರೋಡಿನ ಆಚೆ ನೆಟ್ಟ ಸಸಿ, ಊರೊಳಗೆ ತರಕಾರಿ ಗಾಡಿ ಇಟ್ಟುಕೊಂಡ ಅಮ್ಮನಿಗೆ ನೆರಳು ಕೊಡಲ್ಲ.

ಇಷ್ಟು ಓದಿ ನಾನು ಪೂರ್ತಿ "ಮರ ಉಳಿಸಿ" ಪಾರ್ಟಿ ಅಂದ್ಕೋಬೇಡಿ. ನಮ್ಮ ಮನೆ ಬೀದಿಯ ಕಥೆ ಹೇಳ್ತೀನಿ. ಎದುರುಮನೆ ಆಟೋ ಓಡಿಸೋ ಅಣ್ಣನ ಮನೆ ಮುಂದೆ ಒಂದು ದೊಡ್ಡ ಗುಲ್‌ಮೊಹರ್ ಇತ್ತು. ಅದರ ಒಂದು ಕೊಂಬೆ ಒಣಗಿತ್ತು. ಅಣ್ಣ ಮೂರು ಸಲ ಅರ್ಜಿ ಕೊಟ್ಟಿದ್ರು, ಒಣ ಕೊಂಬೆ ಮಾತ್ರ ತೆಗೀರಿ ಅಂತ. ಯಾರೂ ಬರಲಿಲ್ಲ. ಮೇ ತಿಂಗಳ ಮಳೆ ಗಾಳಿಗೆ ಕೊಂಬೆ ಮುರಿದು ಆಟೋ ಮೇಲೆ ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಟಾಪ್ ಹೋಯ್ತು, ಗ್ಲಾಸ್ ಹೋಯ್ತು, ಹದಿನೈದು ದಿನದ ದುಡಿಮೆ ಹೋಯ್ತು. ಅಣ್ಣನ ಮುಂದೆ ಹೋಗಿ ಪರಿಸರದ ಬಗ್ಗೆ ಭಾಷಣ ಮಾಡೋಕೆ ನನಗಂತೂ ಧೈರ್ಯ ಇಲ್ಲ.

ಆಮೇಲೆ ಏನಾಯ್ತು ನೋಡಿ. ಮೂರು ಅರ್ಜಿಗೆ ಬರದ ಲಾರಿ ಒಂದೇ ವಾರದಲ್ಲಿ ಬಂತು, ಕೊಂಬೆ ಅಲ್ಲ, ಇಡೀ ಮರ ಕಡಿದು ಹೋಯ್ತು. "ಅಪಾಯಕಾರಿ ಮರ" ಅಂದ್ರು. ಅಪಾಯ ಹೇಗೆ ಬಂತು ಅಂತ ಯಾರೂ ಕೇಳಲಿಲ್ಲ. ಎರಡು ವರ್ಷದ ಹಿಂದೆ ಅದರ ಪಕ್ಕದಲ್ಲೇ ಜೆಸಿಬಿ ತಂದು ಚರಂಡಿ ತೋಡಿ, ಒಂದು ಕಡೆ ಬೇರನ್ನೆಲ್ಲ ಕತ್ತರಿಸಿದ್ದರು. ಇನ್ನೊಂದು ಕಡೆ ಫುಟ್‌ಪಾತಿಗೆ ಕಾಂಡದವರೆಗೂ ಕಾಂಕ್ರೀಟ್ ಹಾಕಿದ್ದರು. ಮರದ ಬೇರು ನಾವು ಸ್ಕೂಲಲ್ಲಿ ಚಿತ್ರ ಬಿಡಿಸಿದ ಹಾಗೆ ಪಾತಾಳಕ್ಕೆ ಹೋಗಿರಲ್ಲ. ಹೆಚ್ಚಿನ ಬೇರು ಮೇಲಿನ ಒಂದು ಮೀಟರ್ ಮಣ್ಣಲ್ಲೇ ಅಗಲಕ್ಕೆ ಹರಡಿರುತ್ತೆ. ಅದೇ ಮೀಟರಿನಲ್ಲಿ ನಾವು ಚರಂಡಿ, ಕೇಬಲ್, ನೀರಿನ ಪೈಪು ಎಲ್ಲ ಹಾಕ್ತೀವಿ. ಕಂಬದ ಫೌಂಡೇಷನ್ ಅರ್ಧ ಒಡೆದು, ಕಂಬ ಬಿದ್ದಾಗ ಕಂಬದ್ದೇ ತಪ್ಪು ಅಂದ್ರೆ ನಾವು ನಗ್ತೀವಿ. ಮರಕ್ಕೆ ಮಾತ್ರ ಅದನ್ನೇ ಹೇಳ್ತೀವಿ.

ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಗೆ ಆದೇಶ ಕೊಟ್ಟಿದೆ. ಅದಕ್ಕೆ ದೊಡ್ಡ ಟೆಕ್ನಾಲಜಿ ಬೇಡ. ಪೇವರ್ ಹಾಕೋ ಮೇಸ್ತ್ರಿಗೆ "ಇಲ್ಲಿ ಬಿಡಪ್ಪ" ಅಂತ ಡ್ರಾಯಿಂಗ್‌ನಲ್ಲಿ ಒಂದು ಚೌಕ ಇದ್ರೆ ಸಾಕು. ಚೌಕ ಹಾಕಬೇಕಾದ್ರೆ ಮೊದಲು ಡ್ರಾಯಿಂಗ್‌ನಲ್ಲಿ ಮರ ಇರಬೇಕು. ಮತ್ತೆ ಅಲ್ಲಿಗೇ ಬಂದ್ವಿ.

ಜನ ಎದ್ದು ನಿಂತರೆ ಯೋಜನೆ ನಿಲ್ಲುತ್ತೆ ಅನ್ನೋದೂ ನಿಜ. ಬೆಂಗಳೂರಿನ ಸ್ಟೀಲ್ ಫ್ಲೈಓವರ್ ನೆನಪಿರಬಹುದು. ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, ಹೋಗಬೇಕಾಗಿದ್ದ ಮರಗಳು 812. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ರಸ್ತೆಬದಿ ಮಾನವ ಸರಪಳಿ ಕಟ್ಟಿ "ಬೇಡ" ಅಂದ್ರು. 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಒಳ್ಳೇದೇ ಆಯ್ತು. ಆದ್ರೆ ಪ್ರತಿ ಬೀದಿಗೂ ಸಾವಿರಾರು ಜನ ಬರ್ತಾರಾ? ರಾಜಧಾನಿಯ ದೊಡ್ಡ ರಸ್ತೆಗೆ ಟಿವಿ ಕ್ಯಾಮೆರಾ ಬರುತ್ತೆ. ಮಂಡ್ಯದ, ಹಾಸನದ ಯಾವುದೋ ಕ್ರಾಸ್ ರೋಡಿನ ಹನ್ನೊಂದು ಮರಕ್ಕೆ ಯಾರು ಬರ್ತಾರೆ?

ಸಾಲುಮರದ ತಿಮ್ಮಕ್ಕನ ವಿಷಯ ಇನ್ನೂ ಸ್ಪಷ್ಟ. ಹುಲಿಕಲ್‌ನಿಂದ ಕುದೂರಿನವರೆಗೆ ಅವರು ಬೆಳೆಸಿದ ಆಲದ ಮರಗಳಿಗೂ 2019ರಲ್ಲಿ ರಸ್ತೆ ಅಗಲೀಕರಣದ ಭಯ ಬಂದಿತ್ತು. ಅದೇ ವರ್ಷ ಪದ್ಮಶ್ರೀ ಬಂದಿದ್ದ ಅಜ್ಜಿ ಹೋಗಿ ಮುಖ್ಯಮಂತ್ರಿಗೆ ಕೇಳಿಕೊಂಡರು, ಮರಗಳನ್ನು ಉಳಿಸೋ ತೀರ್ಮಾನ ಆಯ್ತು. 2025ರ ನವೆಂಬರಿನಲ್ಲಿ ಅಜ್ಜಿ ತೀರಿಕೊಂಡಾಗ ಇಡೀ ರಾಜ್ಯ ಆ ಮರಗಳನ್ನು ನೆನೆಸಿಕೊಂಡಿತು. ಇದರಿಂದ ನನಗೆ ಗೊತ್ತಾಗಿದ್ದು ಇಷ್ಟು: ಮನಸ್ಸಿದ್ರೆ ಡ್ರಾಯಿಂಗ್ ಬದಲಾಯಿಸೋಕೆ ಆಗುತ್ತೆ. ಕಾಗದದ ಮೇಲಿನ ಗೆರೆ ಕಲ್ಲಿನ ಮೇಲಿನ ಗೆರೆ ಅಲ್ಲ. ಆದ್ರೆ ಹೈದರಾಲಿ ರಸ್ತೆಯ ಮರಗಳಿಗೆ ತಿಮ್ಮಕ್ಕ ಇರಲಿಲ್ಲ. ಯಾರೋ ನೆಟ್ಟಿದ್ದು, ಯಾರ ಹೆಸರೂ ಇಲ್ಲದ್ದು. ಹೆಸರಿದ್ರೆ ಉಳಿಯುತ್ತೆ, ಇಲ್ಲದಿದ್ರೆ ಇಲ್ಲ ಅನ್ನೋದಾದ್ರೆ ಅದನ್ನು ವ್ಯವಸ್ಥೆ ಅಂತ ಹೇಗೆ ಕರೆಯೋದು?

ಹಾಗೆ ನೋಡಿದ್ರೆ ನಮ್ಮ ಊರುಗಳ ಸಾಲುಮರಗಳು ತಾವಾಗೇ ಹುಟ್ಟಿದ್ದಲ್ಲ. ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರು, ಒಂದು ಜಾತಿಯ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದ್ದರಂತೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ್ ಅವರು ಅದೇ ಊರಿನಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದರು. ಇವೆಲ್ಲ ಪ್ಲಾನ್ ಮಾಡಿ, ಸರ್ಕಾರದ ದುಡ್ಡು ಹಾಕಿ ಕಟ್ಟಿದ ಆಸ್ತಿ. ಚರಂಡಿ ಹೇಗೋ ಬೀದಿದೀಪ ಹೇಗೋ ಮರವೂ ಹಾಗೇ. ಕಟ್ಟಿದವರು ಅದನ್ನು ಡ್ರಾಯಿಂಗ್‌ನಲ್ಲಿ ಇಟ್ಟಿದ್ದರು. ನಾವು ಅಳಿಸಿಬಿಟ್ಟಿದ್ದೀವಿ.

ಹಾಗಾದ್ರೆ ಏನು ಮಾಡಬೇಕು? ನನ್ನ ಕೈಲಿ ದೊಡ್ಡ ಪರಿಹಾರ ಇಲ್ಲ. ಮೂರು ಮಾತು ಇದೆ.

ಮೊದಲನೇದು, ಯಾವ ರಸ್ತೆ ಸರ್ವೇ ಆದ್ರೂ ಮರ ಅದರ ಭಾಗ ಆಗಬೇಕು. ಜಾಗ, ಜಾತಿ, ಸುತ್ತಳತೆ, ಕೊಂಬೆ ಎಷ್ಟು ದೂರ ಹರಡಿದೆ. ಮರ ಇಲ್ಲದ ಡ್ರಾಯಿಂಗ್ ಅಂದ್ರೆ ಅರ್ಧ ಡ್ರಾಯಿಂಗ್, ವಾಪಸ್ ಕಳಿಸಬೇಕು. ಹೀಗೆ ಮಾಡಿದ್ರೆ ಎಷ್ಟೋ ಕಡೆ ಮರದ ಸಾಲು ಬಿಟ್ಟುಕೊಂಡು, ಎರಡು ಮರದ ನಡುವೆ ಪಾರ್ಕಿಂಗ್ ಕೊಟ್ಟು, ರಸ್ತೆ ಮಾಡಬಹುದು ಅಂತ ಮೊದಲೇ ಕಾಣುತ್ತೆ. ಕೆಲವು ಕಡೆ ಆಗಲ್ಲ, ಕಡಿಯಲೇಬೇಕು. ಆಗ ಯಾಕೆ ಅಂತ ಹೇಳೋಕೆ ಕಾರಣನಾದ್ರೂ ಇರುತ್ತೆ.

ಎರಡನೇದು, ಒಂದು ಮರ ಆಗಲಿ ಐವತ್ತಾಗಲಿ, ಕಡಿಯೋ ಮುಂಚೆ ಆ ಮರದ ಮೇಲೇ ಕನ್ನಡದಲ್ಲಿ ಒಂದು ಬೋರ್ಡ್ ಕಟ್ಟಲಿ. ಮೊಳೆ ಹೊಡೀಬೇಡಿ, ದಾರದಲ್ಲಿ ಕಟ್ಟಿ. ಯಾಕೆ ಕಡೀತಿದ್ದೀವಿ, ಯಾವ ದಿನ, ಆಕ್ಷೇಪಣೆ ಇದ್ರೆ ಯಾರಿಗೆ ಹೇಳಬೇಕು. ಆ ಮರದ ಕೆಳಗೆ ದಿನಾ ಕೂರೋರು ವೆಬ್‌ಸೈಟ್ ನೋಡಲ್ಲ, ಇಂಗ್ಲಿಷ್ ಪೇಪರಿನ ಮೂಲೆಯ ಜಾಹೀರಾತೂ ಓದಲ್ಲ.

ಮೂರನೇದು, ಒಣ ಕೊಂಬೆ ತೆಗೆಯೋ ಕೆಲಸ ಏಪ್ರಿಲ್ ಮಳೆಗೆ ಮುಂಚೆ ಪ್ರತಿ ವರ್ಷ ಆಗಲಿ. ಆಟೋ ಅಣ್ಣನ ಅರ್ಜಿಗೆ ಮೊದಲ ಸಲವೇ ಯಾರಾದ್ರೂ ಬಂದಿದ್ರೆ ಆಟೋನೂ ಉಳೀತಿತ್ತು, ಮರಾನೂ ಉಳೀತಿತ್ತು. ಮರ ಪ್ರೀತಿಸೋರು ಇದನ್ನು ಮೊದಲು ಕೇಳಬೇಕು. ಇಲ್ಲದಿದ್ರೆ ಜನ ಮರಕ್ಕೆ ಹೆದರ್ತಾರೆ, ಹೆದರಿದ ಜನ ಕಡಿಸ್ತಾರೆ.

ಇದನ್ನೆಲ್ಲ ಬೇರೆಯವರಿಗೆ ಹೇಳೋ ಮುಂಚೆ ನನ್ನ ಶೀಟ್ ಸರಿ ಮಾಡಬೇಕಿತ್ತು. ಸರ್ ಹತ್ರ ಹೋಗಿ ತಪ್ಪಾಗಿದೆ ಅಂದೆ. ಅವರು ಒಂದು ನಿಮಿಷ ಶೀಟ್ ನೋಡಿ, "ನಾನೂ ಗಮನಿಸಲಿಲ್ಲ ನೋಡು. ಇನ್ಸ್ಟ್ರುಮೆಂಟ್ ತಗೊಂಡು ಹೋಗಿ ಹಾಕ್ಕೊಂಡು ಬನ್ನಿ" ಅಂದ್ರು. ಒಂದು ಶನಿವಾರ ನಾನು, ರೂಮ್‌ಮೇಟ್ ಹೋದ್ವಿ. ಇಪ್ಪತ್ತಮೂರು ಮರ. ಜಾಗ ಅಳೆಯೋದು ಸುಲಭ ಆಯ್ತು. ಕಷ್ಟ ಆಗಿದ್ದು ಹೆಸರು ಬರೆಯೋ ಕಾಲಮ್ಮು. ನನಗೆ ಒಂದರದ್ದೂ ಹೆಸರು ಇಂಗ್ಲಿಷಲ್ಲೂ ಗೊತ್ತಿಲ್ಲ, ಕನ್ನಡದಲ್ಲೂ ಗೊತ್ತಿಲ್ಲ. ಹದಿನಾಲ್ಕು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ 'ಟ್ರೀ' ಅಂತ ಒಂದೇ ಹೆಸರು ಕಲಿತಿದ್ದೆ ಅನ್ಸುತ್ತೆ.

ಗೇಟ್ ಹತ್ರ ಟೀ ಅಂಗಡಿ ಅಜ್ಜಿ ನಮ್ಮನ್ನು ನೋಡಿ ನಗ್ತಿದ್ರು. ಕೇಳಿದ್ವಿ. "ಇದು ಹೊಂಗೆ ಕಣಪ್ಪ. ಅದು ನೇರಳೆ, ಹಣ್ಣು ಬಿಟ್ಟಾಗ ನೀವೇ ಕಲ್ಲು ಹೊಡೀತೀರಲ್ಲ. ಅದು ಬೇವು. ಆ ದಪ್ಪದ್ದು ಮಳೆಮರ, ಸಂಜೆಗೆ ಎಲೆ ಮಡಚ್ಕೊಳುತ್ತೆ ನೋಡು." ನಮ್ಮ ಅರ್ಧ ಗಂಟೆ ತಿಂದಿದ್ದ ಮರ ಅದೇ, ಮಳೆಮರ. ಅಜ್ಜಿಯ ಅಂಗಡಿ ಇರೋದೂ ಅದರ ನೆರಳಲ್ಲೇ. ಕೊನೆಗೆ ಅವರು ಕೇಳಿದ್ರು, "ಯಾಕಪ್ಪಾ ಬರ್ಕೊತಿದೀರಿ, ಕಡೀತಾರಾ?" ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಇಲ್ಲ ಅಜ್ಜಿ, ಮ್ಯಾಪಿಗೆ" ಅಂದೆ.

ಹೊಸ ಶೀಟ್ ಕೊಟ್ಟಿದ್ದೀನಿ. ರಸ್ತೆ ಅಗಲ ಆಗುತ್ತಾ, ಎಷ್ಟು ಮರ ಉಳಿಯುತ್ತೆ, ಇನ್ನೂ ತೀರ್ಮಾನ ಆಗಿಲ್ಲ. 23 ಅನ್ನೋದೂ 50ಕ್ಕಿಂತ ಕಡಿಮೆ, ಪ್ರಕಟಣೆ ಹೊರಡಿಸಲೇಬೇಕು ಅಂತಿಲ್ಲ. ಆದ್ರೆ ಈಗ ಆ ರಸ್ತೆ ಮೇಲೆ ಗೆರೆ ಎಳೆಯೋರು ಯಾರೇ ಆಗಲಿ, ಇಪ್ಪತ್ತಮೂರು ಹಸಿರು ವೃತ್ತಗಳನ್ನು ದಾಟಿಯೇ ಎಳೀಬೇಕು. ಒಂದೊಂದರ ಪಕ್ಕದಲ್ಲೂ ಅದರ ಹೆಸರಿದೆ, ಕನ್ನಡದಲ್ಲಿ.

ಕ್ಯಾಂಪಸ್ಸಿನ ಉಳಿದ ರಸ್ತೆಗಳು ಹಾಗೇ ಇವೆ. ಈ ಸೆಮ್ ಸರ್ವೇ ಇರೋ ಜೂನಿಯರ್ಸ್‌ಗೆ ಒಂದೇ ಮಾತು: ಮರ ಅಡ್ಡ ಬಂದ್ರೆ ಬೈಕೊಳ್ಳಿ ಪರವಾಗಿಲ್ಲ, ಆದ್ರೆ ರೀಡಿಂಗ್ ತಗೊಳ್ಳಿ. ಹೆಸರು ಗೊತ್ತಾಗದಿದ್ರೆ ಟೀ ಅಂಗಡಿಗೆ ಹೋಗಿ.